ಹುಂಜದ ಗಡೀಪಾರು

ಬೀದಿಯ ಸಂಘದವರು ಸಭೆ ಸೇರಿ, ವಾಚ್ ರಿಪೇರಿಯವನ ಹುಂಜವನ್ನು ಸಾಯಂಕಾಲದೊಳಗೆ ಬೀದಿಯಿಂದ ಹೊರಹಾಕಬೇಕು, ಇಲ್ಲದಿದ್ದರೆ ಹೇಂಟೆಗಳ ಸಮೇತ ಗೂಡನ್ನೇ ಕಿತ್ತುಹಾಕಲಾಗುವುದು ಎಂದು ತೀರ್ಮಾನಿಸಿದರು. ವಾಚ್ ರಿಪೇರಿಯವನನ್ನು ಸಭೆಗೆ ಕರೆದಿರಲಿಲ್ಲ.

ಬೆಳಗ್ಗೆ ತೀರ್ಮಾನವನ್ನು ಹೊತ್ತು ತಂದವರು ಅಧ್ಯಕ್ಷರೇ. ಕಚೇರಿಯಿಂದ ನಿವೃತ್ತರಾದ ಮೇಲೆ ಗದರಿಸಲು ಗುಮಾಸ್ತರಿಲ್ಲದೆ ಒಣಗಿಹೋಗುತ್ತಿದ್ದವರು, ಸಂಘ ಸಿಕ್ಕಮೇಲೆ ಮತ್ತೆ ಚಿಗುರಿಕೊಂಡಿದ್ದರು.

"ಹೊತ್ತಿಲ್ಲ ಗೊತ್ತಿಲ್ಲ, ಕೂಗೋದೇ ಕೂಗೋದು! ಊರಿಗೆಲ್ಲ ಟೈಮ್ ಸರಿಮಾಡಿ ಕೊಡ್ತೀಯ, ನಿನ್ನ ಹುಂಜದ್ದು ಸರಿಮಾಡೋಕಾಗಲ್ವೇನಯ್ಯಾ?"

ಮಾತಿನಲ್ಲಿ ನ್ಯಾಯವಿತ್ತು. ಆ ಹುಂಜಕ್ಕೆ ಯಾರ ಮನೆಯ ದೀಪ ಹೊತ್ತಿದರೂ ಬೆಳಗಾಯಿತೆಂದೇ ಲೆಕ್ಕ. ನೀರು ಕುಡಿಯಲೆಂದು ಯಾರಾದರೂ ಎದ್ದು ಸ್ವಿಚ್ ಒತ್ತಿದರೆ ಸಾಕು, ಕತ್ತು ನೀಳಮಾಡಿ ಬೀದಿಗೆಲ್ಲ ಡಂಗುರ ಸಾರುತ್ತಿತ್ತು.

"ಆಯ್ತು ಸಾರ್" ಎಂದ ವಾಚ್ ರಿಪೇರಿಯವನು. ಅಧ್ಯಕ್ಷರೆದುರು ಅವನ ಬಾಯಿಂದ ಬೇರೆ ಮಾತು ಹೊರಟದ್ದೇ ಇಲ್ಲ. ಅವರು ಗೂಡಿನಿಂದ ಮೊಟ್ಟೆಗಳನ್ನು ಪುಕ್ಕಟೆಯಾಗಿ ಒಯ್ಯುವಾಗಲೂ ಅಷ್ಟೇ ಹೇಳುತ್ತಿದ್ದ.

ಹಿತ್ತಲಲ್ಲಿ ಹೆಂಡತಿ ಹುಂಜವನ್ನು ತಬ್ಬಿಕೊಂಡು ಗೊಳೋ ಎಂದು ಅಳುತ್ತಿದ್ದಳು. "ಹತ್ತಿಯುಂಡೆ ಥರ ಇದ್ದಾಗಿಂದ ಸಾಕಿದ್ದೀನಿ ರೀ. ಕೊಯ್ಯೋರ ಕೈಗೆ ಕೊಟ್ರೆ ನನ್ನ ಜತೆ ಮಾತೇ ಆಡಬೇಡಿ. ಎಲ್ಲಾದ್ರೂ ಒಂದು ಒಳ್ಳೇ ಮನೆ ನೋಡಿ ಬಿಟ್ಟು ಬನ್ನಿ. ನನ್ನ ಹೇಂಟೆಗಳಾದ್ರೂ ಉಳೀಲಿ."

ಒಳ್ಳೆಯ ಮನೆ ಎಂದರೆ ಅವನಿಗೆ ಹೊಳೆದದ್ದು ಅಕ್ಕನದು. ಬುಟ್ಟಿಯಲ್ಲಿ ಹುಂಜವನ್ನಿಟ್ಟು, ಮೇಲೆ ಹಳೆಯ ಟವೆಲು ಕಟ್ಟಿ, ಹೊಸ ಸೊಸೆಯನ್ನು ಕರೆದೊಯ್ಯುವವನಂತೆ ಜೋಪಾನವಾಗಿ ಹೊರಟ. ಅಕ್ಕನ ಅಂಗಳದಲ್ಲಿ ಭಾವ ಕೆಂಪು ಕಾಲುಚೀಲ ತೊಟ್ಟು ಪೇಪರ್ ಓದುತ್ತಿದ್ದರು. ಬುಟ್ಟಿ ಬಿಚ್ಚಿದ್ದೇ ತಡ, ಹುಂಜಕ್ಕೆ ಆ ಎರಡು ಕಾಲುಗಳು ಕೆಂಪು ಜುಟ್ಟಿನ ಎರಡು ಎದುರಾಳಿ ಹುಂಜಗಳಂತೆ ಕಂಡವು. ಮುಂದಿನ ಮಾತುಕತೆಯೆಲ್ಲ ಭಾವ ಮೇಜಿನ ಮೇಲೆ ನಿಂತೇ ನಡೆಸಿದರು.

"ಅದು ಇರ್ಬೇಕು, ಇಲ್ಲ ನಾನಿರ್ಬೇಕು!"

ಅಕ್ಕ ಒಂದು ಗಳಿಗೆ ಯೋಚಿಸಿದಂತೆ ಕಂಡಳು. ಆಮೇಲೆ ತಮ್ಮನ ಮೇಲೆ ತಿರುಗಿಬಿದ್ದಳು. "ಇಷ್ಟು ವರ್ಷದಲ್ಲಿ ತವರಿಂದ ಒಂದು ಹೂವು ತಂದೋನಲ್ಲ ನೀನು. ತಂದಿದ್ದು ನನ್ನ ಗಂಡನ್ನ ಕುಕ್ಕೋಕೆ ಇದನ್ನ! ತಗೊಂಡು ನಡಿಯೋ!"

ಅಂಗಡಿ ತೆರೆಯುವ ಹೊತ್ತು ಮೀರಿತ್ತು. ಬುಟ್ಟಿ ಹೊತ್ತೇ ಅಂಗಡಿಗೆ ಬಂದ. ಪಕ್ಕದ ಚಪ್ಪಲಿ ಅಂಗಡಿಯವನು, ತನ್ನಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಇವನಿಗೆ ಬುದ್ಧಿ ಹೇಳುವವನು, ತಕ್ಷಣ ಎದ್ದು ಬಂದ.

"ಅಯ್ಯೋ ಅಣ್ಣಾ, ಟವೆಲು ಬಿಗಿದು ಕೊಲ್ತೀಯಾ? ಪಾಪ, ಉಸಿರು ಬೇಡ್ವಾ ಅದಕ್ಕೆ? ಮುಖವಾದ್ರೂ ಹೊರಗೆ ಬಿಡು."

ಎನ್ನುತ್ತಲೇ ತಾನೇ ಗಂಟು ಸಡಿಲಿಸಿದ. ವಾಚ್ ರಿಪೇರಿಯವನು ಆಗಷ್ಟೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಿಚ್ಚಿದ ವಾಚೊಂದರ ಬಿಡಿಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ್ದ. ಹೊಳೆಯುವ, ಹಳದಿಯಾದ, ಕಾಳಿನಷ್ಟೇ ಗಾತ್ರದ ಭಾಗಗಳು. ಹುಂಜ ಒಂದು ಕಣ್ಣಿನಿಂದ ನೋಡಿತು. ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದಲೂ ನೋಡಿ ಖಾತ್ರಿಮಾಡಿಕೊಂಡಿತು. ಟಕ್!

ನಡುವಿನ ಹಲ್ಲುಚಕ್ರ ಮಾಯ.

"ಏನೋ ತಿಂತು ಅನ್ಸುತ್ತೆ" ಎಂದ ಚಪ್ಪಲಿ ಅಂಗಡಿಯವನು, ಮೆಲ್ಲಗೆ ಹಿಂದೆ ಸರಿಯುತ್ತ.

ಅಷ್ಟರಲ್ಲಿ ಬಾಗಿಲಲ್ಲಿ ಅಧ್ಯಕ್ಷರು. ವಾಚು ಅವರದೇ.

"ಆಯ್ತೇನಯ್ಯಾ ನನ್ನ ವಾಚು?"

"ಮುಕ್ಕಾಲು ಭಾಗ ಇಲ್ಲಿದೆ ಸಾರ್."

"ಮಿಕ್ಕಿದ್ದು?"

ವಾಚ್ ರಿಪೇರಿಯವನು ಬುಟ್ಟಿಯ ಕಡೆ ನೋಡಿದ. ಹುಂಜ ಕೊಕ್ಕನ್ನು ಬುಟ್ಟಿಯ ಅಂಚಿಗೆ ಒರೆಸಿಕೊಂಡಿತು.

ಅಧ್ಯಕ್ಷರು ಕಿರುಚಲಿಲ್ಲ, ಸ್ಟೂಲಿನ ಮೇಲೆ ಕುಸಿದು ಕುಳಿತರು. ಅದು ಮಾವ ಕೊಟ್ಟ ವಾಚು. ಅಂಥ ಚಕ್ರ ಈಗ ಎಲ್ಲೂ ಸಿಗುವುದಿಲ್ಲ. "ಮನೆಯವಳು ಬೆಳಗ್ಗಿಂದ ಮೂರು ಸಲ ನನ್ನ ಮಣಿಕಟ್ಟು ನೋಡಿದ್ಲು ಕಣಯ್ಯಾ" ಎಂದರು. ಬೀದಿಗೆಲ್ಲ ಅಪ್ಪಣೆ ಕೊಡುವ ಗಂಟಲು ಬೆಕ್ಕಿನ ಮರಿಯದಾಗಿತ್ತು.

"ಕೊಯ್ದುಬಿಡಿ ಸಾರ್, ಈಗಲೇ ಸಿಗುತ್ತೆ" ಎಂದ ಚಪ್ಪಲಿ ಅಂಗಡಿಯವನು. ಅಧ್ಯಕ್ಷರ ಕಣ್ಣು ಮಿನುಗಿತು. "ಚಾಕು ತಗೊಂಡು ಬಾ."

ವಾಚ್ ರಿಪೇರಿಯವನಿಗೆ ಹೆಂಡತಿಯ ಮುಖ ನೆನಪಾಯಿತು. ಹುಟ್ಟಿದಾರಭ್ಯ ಹೇಳದಷ್ಟು ದೊಡ್ಡ ಸುಳ್ಳೊಂದು ತಾನಾಗಿ ಹೊರಬಿತ್ತು. "ಬೇಡ ಸಾರ್! ಚಾಕು ತಾಗಿ ಒಂದು ಹಲ್ಲು ಡೊಂಕಾದ್ರೂ ವಾಚು ಮುಗೀತು. ಅದು ತಾನಾಗೇ ಬರುತ್ತೆ. ಒಂದೊಂದ್ಸಲ ಮೊದಲಿಗಿಂತ ಚೊಕ್ಕವಾಗಿ ಬರುತ್ತೆ."

ಅಧ್ಯಕ್ಷರು ಎದ್ದು ನಿಂತರು. ಗಂಟಲು ಮರಳಿತ್ತು. "ಹಾಗಾದ್ರೆ ಕೇಳು. ನನ್ನ ಚಕ್ರ ಬರೋವರೆಗೂ ಈ ಹುಂಜ ಬೀದಿ ಬಿಟ್ಟು ಕದಲಕೂಡದು. ಅದೇ ಗೂಡಲ್ಲಿ, ಅದೇ ಮೇವು ತಿಂದ್ಕೊಂಡು ಇರ್ಬೇಕು. ದಿನಾ ಬೆಳಗ್ಗೆ ನೀನು ಕಡ್ಡಿ ಹಿಡ್ಕೊಂಡು ಹುಡುಕಬೇಕು. ಇದು ಸಂಘದ ತೀರ್ಮಾನ."

"ಸಭೆ ಸೇರಲಿಲ್ವಲ್ಲ ಸಾರ್?"

"ನಾನು ಸೇರಿದ್ದೀನಲ್ಲ!"

ಹುಂಜ ಉಳಿಯಿತು, ಗೂಡೂ ಉಳಿಯಿತು! ವಾಚ್ ರಿಪೇರಿಯವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬುಟ್ಟಿ ಅವಚಿಕೊಂಡು ಮನೆಯತ್ತ ಹೆಜ್ಜೆ ಹಾಕಿದ. ಹಿಂದೆಯೇ ತಮ್ಮ ಚಕ್ರವನ್ನು ಕಾಯುತ್ತ ಅಧ್ಯಕ್ಷರು.

"ಲೇ, ಬಾಗಿಲು ತೆಗಿಯೇ! ಯಾರು ಬಂದಿದ್ದಾರೆ ನೋಡು!"

ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು. ಬುಟ್ಟಿಯನ್ನು ಕಂಡು ಆ ಮುಖ ಅರಳಲಿಲ್ಲ.

"ಯಾಕ್ರೀ ವಾಪಸ್ ತಂದ್ರಿ ಅದನ್ನ?"

"ಬೆಳಗ್ಗೆ ಅಷ್ಟು ಅತ್ಯಲ್ಲೇ!"

"ಹೌದು, ಅತ್ತೆ. ಅತ್ತು ಮುಗೀತು. ಆಮೇಲೆ ಹೇಂಟೆಗಳಿಗೆ ಕಾಳು ಹಾಕಿದೆ. ಒಂದೊಂದೂ ಹೊಟ್ಟೆ ತುಂಬ ತಿಂದ್ವು ರೀ. ಮಣ್ಣಲ್ಲಿ ಹೊರಳಾಡಿ ಬಿಸಿಲು ಕಾಯಿಸ್ಕೊಂಡ್ವು. ಮೂಲೆ ಬಿಟ್ಟು ಏಳದೇ ಇದ್ದ ಬಿಳಿ ಹೇಂಟೆ ಕೂಡ ಹೊರಗೆ ಬಂತು. ಎತ್ತಿ ನೋಡಿದ್ರೆ ಬೆನ್ನ ಮೇಲೆ ಒಂದು ಗರಿ ಇಲ್ಲ, ಎಲ್ಲ ಇವನೇ ಕಿತ್ತಿರೋದು. ನಾನು ಪೆದ್ದಿ, ಅದಕ್ಕೇನೋ ರೋಗ ಅಂತ ಮುಲಾಮು ಹಚ್ತಿದ್ದೆ."

ಅಧ್ಯಕ್ಷರು ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. "ನೋಡಮ್ಮಾ, ಹುಂಜ ಈ ಗೂಡಲ್ಲೇ ಇರ್ಬೇಕು ಅಂತ ಸಂಘ ತೀರ್ಮಾನ ಮಾಡಿದೆ."

"ಹಾಗಾದ್ರೆ ನಿಮ್ಮನೇಲೇ ಇಟ್ಕೊಳ್ಳಿ ಸಾರ್. ನಿಮ್ಮನೆಯವರಿಗೆ ನಾನೇ ಬಂದು ವಿಷಯ ಹೇಳ್ಲಾ?"

ಅಧ್ಯಕ್ಷರ ಎಡಗೈ ತಾನಾಗಿ ಜೇಬಿನೊಳಗೆ ಅಡಗಿತು. "ಏನಯ್ಯಾ, ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೀಯ? ಗಂಡ ನೀನು, ನೀನು ಹೇಳು!"

ವಾಚ್ ರಿಪೇರಿಯವನು ಬುಟ್ಟಿಯನ್ನು ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಬದಲಿಸಿ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿದ.

"ಬಾಗಿಲು ತೆಗಿ."

"ನೀವೊಬ್ರೇ ಬರೋದಾದ್ರೆ ತೆಗೀತೀನಿ. ಅದರ ಜತೆ ಬಂದ್ರೆ ತೆಗಿಯಲ್ಲ" ಎಂದಳು ಹೆಂಡತಿ, ಕಿಟಕಿಯನ್ನೂ ಮುಚ್ಚಿದಳು.