ಮಾಳಿಗೆಯ ಮೇಲೊಂದು ಕೆರೆ

ಹಿಂದಿನ ಕಾಲದಲ್ಲಿ ಒಂದು ಕೆರೆ ಕಟ್ಟಬೇಕಾದರೆ ರಾಜ, ಮಂತ್ರಿ, ಸಾವಿರಾರು ಆಳುಗಳು ಬೇಕಾಗುತ್ತಿದ್ದರಂತೆ. ನನಗೆ ಬೇಕಾದದ್ದು ಒಡೆದ ನೀರಿನ ಟ್ಯಾಂಕಿ, ಒಂದು ಗರಗಸ ಮತ್ತು ಕೆಲಸವಿಲ್ಲದೆ ಮನೆಯಲ್ಲಿ ಕೂತ ಒಬ್ಬ ಗಂಡ. ಮೂರೂ ನಮ್ಮ ಮನೆಯಲ್ಲೇ ಇದ್ದವು!

ನಾನು ಮುಡಬಿ ಎಂಬ ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಹೆಸರು ಸುವರ್ಣಾ. ಮನೆ ಹುಮನಾಬಾದಿನಲ್ಲಿ. ಗಂಡ ಶಿವರಾಜ ಸರ್ಕಾರಿ ಬಸ್ಸಿನ ಕಂಡಕ್ಟರ್. ಹುಮನಾಬಾದ್, ಬಸವಕಲ್ಯಾಣದ ಹತ್ತಾರು ಶಿಕ್ಷಕರು ಸೇರಿ ನಡೆಸುವ ‘ಕೆರೆ ದಂಡೆ ಬಳಗ’ ಅಂತ ನಮ್ಮದೊಂದು ಗುಂಪಿದೆ. ಪ್ರತಿ ಚಳಿಗಾಲ ಹಳ್ಳಿ ಶಾಲೆಯ ಮಕ್ಕಳನ್ನು ಕೆರೆಗೆ ಕರೆದೊಯ್ದು, ಹಕ್ಕಿ, ಹುಲ್ಲು, ಮೀನು, ಏಡಿ ತೋರಿಸಿ, ಮಂಡಕ್ಕಿಯ ಸೂಸಲಾ ತಿನ್ನಿಸಿ ಮನೆಗೆ ಬಿಡುವುದು ಬಳಗದ ಕೆಲಸ. ಹಿರಿಯರಾದ ಕಾಶಿನಾಥ ಸರ್ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು, ಬಸವಕಲ್ಯಾಣದವರು. ಬಳಗಕ್ಕೆ ನನ್ನ ವೈಜ್ಞಾನಿಕ ಕೊಡುಗೆಯೆಂದರೆ ಕೊನೆಯಲ್ಲಿ ವಂದನಾರ್ಪಣೆ ಮಾಡುವುದು. ಐದು ವರ್ಷದಲ್ಲಿ ನಾನು ಖಚಿತವಾಗಿ ಗುರುತಿಸಲು ಕಲಿತ ಜಲಚರ ಒಂದೇ. ಎಮ್ಮೆ.

ಕೊರೋನಾ ಬಂತು. ಶಾಲೆ ಮುಚ್ಚಿತು, ಬಸ್ಸು ನಿಂತಿತು, ಕೆರೆಯ ದಂಡೆಯಲ್ಲಿ ಗುಂಪು ಸೇರುವಂತಿಲ್ಲ ಎಂದಾಯಿತು. ಮಳೆಗಾಲ ಶುರುವಾದಾಗ ಕಾಶಿನಾಥ ಸರ್ ಫೋನಿನಲ್ಲೇ ಸಭೆ ಕರೆದರು.

“ಮಕ್ಕಳು ಕೆರಿ ಕಡಿ ಬರಾಂಗಿಲ್ಲ. ಹಂಗಂತ ನಾವ್ ಸುಮ್ನ ಕುಂದರಬಾರದು. ಕೆರಿನೇ ಮಕ್ಕಳ ಕಡಿ ಹೋಗಬೇಕು. ಹ್ಯಾಂಗ ಅಂತ ನೀವೆಲ್ಲಾ ಹೇಳ್ರಿ” ಅಂದರು.

ಒಬ್ಬರು ಹಕ್ಕಿಗಳ ಕೂಗು ರೆಕಾರ್ಡ್ ಮಾಡಿ ಕಳಿಸುತ್ತೇನೆ ಅಂದರು. ಇನ್ನೊಬ್ಬರು ಜಲಸಸ್ಯಗಳ ಚಿತ್ರ ಬರೆಯುತ್ತೇನೆ ಅಂದರು. ಫೋನಿನ ಸಭೆಗೆ ವಂದನಾರ್ಪಣೆ ಬೇಡವೆಂದು ನನಗೆ ಆಗಲೇ ಹೇಳಿಬಿಟ್ಟಿದ್ದರು. ಆ ಅವಮಾನದಲ್ಲಿ ನನ್ನ ಬಾಯಿ ತಾನೇ ತೆರೆದುಕೊಂಡಿತು.

“ಸರ್, ನಮ್ಮ ಮಾಳಗಿ ಮ್ಯಾಲ ಒಂದು ಸಣ್ಣ ಕೆರಿ ಕಟ್ಟತೀನ್ರಿ. ದಿನಾ ಅದರಾಗ ಏನ್ ಹುಟ್ಟತದ, ಏನ್ ಬೆಳೀತದ, ಎಲ್ಲಾ ವಿಡಿಯೋದಾಗ ಮಕ್ಕಳಿಗಿ ತೋರಸ್ತೀನಿ.”

ಎಲ್ಲರೂ ಒಟ್ಟಿಗೆ “ಶಭಾಶ್!” ಅಂದರು. ನಾನು ಮುಳುಗಿದೆ.

ಮರುದಿನ ಶಿವರಾಜ ಒಡೆದ ಟ್ಯಾಂಕಿಯ ಕೆಳಗಿನ ಅರ್ಧವನ್ನು ಗರಗಸದಲ್ಲಿ ಕೊಯ್ದು ಮಾಳಿಗೆಗೆ ಹತ್ತಿಸಿದರು. ಸೀಟಿ ಊದಿ, ‘ಮುಂದ ಸರೀರಿ’ ಅಂತ ಕೂಗಿ ರೂಢಿಯಾದ ಮನುಷ್ಯ ತಿಂಗಳುಗಟ್ಟಲೆ ಅದನ್ನು ನನಗೂ ಹಲ್ಲಿಗಳಿಗೂ ಮಾತ್ರ ಹೇಳುತ್ತ ಕೂತಿದ್ದರಲ್ಲ, ಕೆಲಸ ಸಿಕ್ಕಿದ್ದಕ್ಕೆ ಹಿಗ್ಗಿಹೋಗಿದ್ದರು. ಆದರೆ ಕೆರೆಗೆ ಕೆಸರು ಬೇಕಲ್ಲ? ಸ್ಕೂಟರ್ ಮೇಲೆ ಊರಾಚೆಯ ಕೆರೆಗೆ ಹೋಗಿ ಎರಡು ಚೀಲ ತುಂಬಿಕೊಂಡೆವು. ಬರುವಾಗ ಪೊಲೀಸಪ್ಪ ಅಡ್ಡ ನಿಂತ.

“ಚೀಲದಾಗ ಏನದ?”

“ಕೆಸರ್ರಿ” ಅಂದೆ.

“ಯಾಕ?”

“ಪಾಠ ಮಾಡಾಕ್ರಿ.”

ಆತ ಚೀಲದ ಬಾಯಿ ಬಿಚ್ಚಿ ನೋಡಿದ. ಮೂಗು ಮುಚ್ಚಿಕೊಂಡ. ಮಾಸ್ಕಿನ ಮೇಲೆಯೇ! “ಬಂದವರೆಲ್ಲಾ ಕಾಯಿಪಲ್ಯಾ ಅಂತಾರ, ಔಷಧಿ ಅಂತಾರ. ಕೆಸರು ಅಂದವರು ನೀವೇ ಮೊದಲಿಗರು ನೋಡ್ರಿ. ಹೋಗ್ರಿ, ಹೋಗ್ರಿ” ಅಂದ.

ಟ್ಯಾಂಕಿಗೆ ಕೆಸರು ಹಾಕಿ, ನೀರು ಬಿಟ್ಟು, ನಾಲ್ಕು ಜೊಂಡು ನೆಟ್ಟೆವು. ಎರಡು ದಿನಕ್ಕೆ ನೀರು ತಿಳಿಯಾಯಿತು. ಎಂಟು ದಿನಕ್ಕೆ ಪವಾಡವೇ ನಡೆಯಿತು. ನೀರಿನಲ್ಲಿ ಕಪ್ಪಗೆ, ಸಣ್ಣಗೆ ಏನೋ ಮಿಸುಕಾಡುತ್ತಿತ್ತು. ಒಂದಲ್ಲ, ನೂರಾರು!

“ರೀ, ಬರ್ರಿ ಇಲ್ಲಿ! ಕಪ್ಪಿ ಮರಿ ಹುಟ್ಟ್ಯಾವ!”

ಶಿವರಾಜ ಬಗ್ಗಿ ನೋಡಿ, “ಇಷ್ಟ್ ಸಣ್ಣವು ಇರ್ತಾವೇನ?” ಅಂದರು.

“ಹುಟ್ಟಿದಾಗ ನೀವೇನು ಇಷ್ಟ್ ಎತ್ತರ ಇದ್ರೇನು?” ಅಂದೆ. ವಿಜ್ಞಾನದ ಚರ್ಚೆ ಅಲ್ಲಿಗೆ ಮುಗಿಯಿತು. ಕೆಸರಿನ ಜೊತೆ ಕಪ್ಪೆಯ ಮೊಟ್ಟೆ ಬಂದಿರಲೇಬೇಕು ಎಂದು ನಾನು ತೀರ್ಮಾನಿಸಿದ್ದೆ. ಬಳಗದ ಗುಂಪಿಗೆ ‘ನೂತನ ಜೀವಗಳ ಶುಭಾಗಮನ’ ಎಂಬ ಶೀರ್ಷಿಕೆಯಲ್ಲಿ ಒಂದು ಪುಟದ ವರದಿ ಕಳಿಸಿದೆ. ದಿನ ಹೋದಂತೆ ಮರಿಗಳು ಕಡಿಮೆಯಾದವು, ಹೊಸವು ಬಂದವು. ಕಡಿಮೆಯಾದವು ಕಪ್ಪೆಗಳಾಗಿ, ಮಾಳಿಗೆಯಿಂದ ನೆಗೆದು, ಸ್ವತಂತ್ರ ಜೀವನಕ್ಕೆ ಹೋಗಿರಬೇಕೆಂದು ಹೆಮ್ಮೆಪಟ್ಟೆ.

ಪಕ್ಕದ ಮಾಳಿಗೆಯಿಂದ ಶಕೀಲಾ ಬೇಗಂ ಇಣುಕಿದರು. ಇಪ್ಪತ್ತು ವರ್ಷದ ನೆರೆಯವರು. ನಮ್ಮ ಎರಡೂ ಮನೆಯ ನಡುವೆ ಗೋಡೆ ಇರುವುದು ಬಟ್ಟಲು ಇಟ್ಟು ದಾಟಿಸುವುದಕ್ಕೆ ಮಾತ್ರ.

“ಸುವರ್ಣಾ, ಈ ಸಲ ಮಚ್ಛರ್ ಭಾಳ ಆಗ್ಯಾವಲ್ಲ! ನಮ್ಮ ಯಜಮಾನರ ಕಾಲ್ ನೋಡಬೇಕಿತ್ತು, ದದ್ದ ದದ್ದ ಎದ್ದಾವ.”

“ಜರಾ ಸಬರ್ ಮಾಡ್ರಿ ಆಪಾ” ಅಂದೆ, ಸಮಾಧಾನದ ದನಿಯಲ್ಲಿ. “ನನ್ನ ಕಪ್ಪಿ ದೊಡ್ಡವು ಆಗಾಕತ್ತ್ಯಾವ. ಒಂದ್ ಸೊಳ್ಳಿ ಉಳಸಂಗಿಲ್ಲ.”

ಅವರು ನಂಬಿದರು. ಪಾಪ, ಟೀಚರ್ ಮಾತು!

ಮೂರು ದಿನದಲ್ಲಿ ಅವರ ಯಜಮಾನರು ಮಸ್ತಾನ್ ಸಾಹೇಬರಿಗೆ ಜ್ವರ ಬಂತು. ಆ ದಿನಗಳಲ್ಲಿ ಜ್ವರ ಎಂಬ ಮಾತೇ ಓಣಿಯನ್ನು ಖಾಲಿ ಮಾಡುತ್ತಿತ್ತು. ಕಿಟಕಿಗಳು ಮುಚ್ಚಿದವು. ಹಾಲಿನವನು ಹಾಲನ್ನು ತಿರುವಿನಲ್ಲೇ ಇಟ್ಟು ಓಡಿದ. ಆರೋಗ್ಯ ಇಲಾಖೆಯವರು ಬಂದು ಪರೀಕ್ಷೆಗೆ ಮೂಗಿನ ದ್ರವ ತೆಗೆದುಕೊಂಡು ಹೋದರು. ಶಕೀಲಾ ಆಪಾ ಮಾಳಿಗೆಯ ಮೂಲೆಯಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು ಕಂಡರೂ ಹತ್ತಿರ ಹೋಗುವಂತಿರಲಿಲ್ಲ. ಕಷಾಯದ ಚೆಂಬನ್ನು ಗೋಡೆಯ ಮೇಲಿಟ್ಟು ದೂರ ನಿಲ್ಲುತ್ತಿದ್ದೆ. ಗೋಡೆ ಅಷ್ಟು ಎತ್ತರ ಅಂತ ನನಗೆ ಎಂದೂ ಅನಿಸಿರಲಿಲ್ಲ.

ಪರೀಕ್ಷೆಯವರು ಬಂದುಹೋದ ಮರುದಿನವೇ ನನ್ನ ಮೊದಲ ವಿಡಿಯೋ ಪಾಠ. ಮುಡಬಿಯ ಆರು ಮನೆಗಳಲ್ಲಿ ದೊಡ್ಡ ಫೋನುಗಳಿದ್ದವು. ಒಂದೊಂದರ ಮುಂದೆ ನಾಲ್ಕೈದು ಮಕ್ಕಳು, ಅವರ ಹಿಂದೆ ಮನೆಯವರು. ಕಾಶಿನಾಥ ಸರ್ ಬಸವಕಲ್ಯಾಣದಿಂದ ನೋಡುತ್ತಿದ್ದರು. ಎಲ್ಲರೂ ಒಟ್ಟಿಗೆ ಮಾತಾಡಿ, ಆಡು ಅರಚಿ, ಯಾರದೋ ಮನೆಯ ಕುಕ್ಕರ್ ಕೂಗಿ, ಗದ್ದಲವೆದ್ದಿತು. ಫೋನು ಹಿಡಿದಿದ್ದ ಶಿವರಾಜರೊಳಗಿನ ಕಂಡಕ್ಟರ್ ಎಚ್ಚರಾದ.

“ಏ, ಗದ್ದಲ ಮಾಡಬ್ಯಾಡ್ರಿ! ಒಬ್ಬೊಬ್ಬರೇ ಹತ್ರಿ! ಆಡು ಇಳಸ್ರಿ ಮೊದಲ!”

ಸದ್ದು ಅಡಗಿತು. ನಾನು ಗಂಟಲು ಸರಿಮಾಡಿಕೊಂಡು, ಫೋನನ್ನು ನೀರಿನ ಹತ್ತಿರ ತರಿಸಿ ಆರಂಭಿಸಿದೆ. “ಮಕ್ಕಳೇ, ಇವೇ ಕಪ್ಪೆಯ ಮರಿಗಳು. ಎಂಥ ಶಿಸ್ತು ನೋಡಿ! ತಲೆ ಕೆಳಗೆ, ಬಾಲ ಮೇಲೆ. ಹುಟ್ಟಿನಿಂದಲೇ ಶೀರ್ಷಾಸನ ಹಾಕುತ್ತವೆ. ನಮ್ಮ ನೆರಳು ಬಿದ್ದೊಡನೆ ನಾಚಿಕೊಂಡು ಕೆಳಗೆ ಇಳಿಯುತ್ತವೆ...”

“ಯವ್ವಾ ಬಾಯಾರಽ!” ಒಂದು ಫೋನಿನಿಂದ ಮುದಿ ದನಿ ಬಂತು. ಮುಡಬಿಯಲ್ಲಿ ಟೀಚರಮ್ಮನೆಂದರೆ ಬಾಯಾರು. ಎಂಟನೆಯ ತರಗತಿಯ ರೇಣುಕಾಳ ಅಜ್ಜಿ ಸಿದ್ದಮ್ಮ. ಜೀವಮಾನವೆಲ್ಲ ಕೆರೆಯಂಗಳದಲ್ಲಿ ಕುರಿ ಕಾಯ್ದವರು. ಮೊಮ್ಮಗಳ ತಲೆ ಪಕ್ಕಕ್ಕೆ ಸರಿಸಿ ಪರದೆ ತುಂಬ ಮುಖ ತಂದರು. “ಅವು ಕಪ್ಪಿ ಮರಿ ಅಲ್ರಿ. ಸೊಳ್ಳಿ ಹುಳ!”

ಎಲ್ಲೋ ಆಡು ಮತ್ತೆ ಅರಚಿತು.

“ಕಪ್ಪಿ ಮರಿಗಿ ದುಂಡನ ತಲಿ ಇರ್ತದ, ಮೀನಿನಂಗ ಅಡ್ಡ ಈಜ್ತದ. ಇವು ಉಸರಿಗಿ ಬಾಲ ಮ್ಯಾಲ ಮಾಡಿ ಜೋತು ಬೀಳ್ತಾವ. ಎಂಟ್ ದಿನಕ್ಕ ರೆಕ್ಕಿ ಬಂದು ಹಾರಿ ಹೋಗ್ತಾವ. ಇಷ್ಟ್ ದಿನಾ ನಿಮ್ಮನ್ನ ಕಡಿಲಿಲ್ಲೇನ್ರಿ?”

ನಮ್ಮನ್ನು ಕಡಿದಿರಲಿಲ್ಲ. ನಮ್ಮ ಮನೆಯ ಕಿಟಕಿಗಳಿಗೆ ಜಾಲರಿ ಇತ್ತು. ನನ್ನ ಕಣ್ಣು ಪಕ್ಕದ ಮಾಳಿಗೆಯ ಕಡೆ ಹೋಯಿತು. ಮಸ್ತಾನ್ ಸಾಹೇಬರ ಕಾಲಿನ ದದ್ದು ನೆನಪಾಯಿತು.

“ರೀ, ಟ್ಯಾಂಕಿ ಬೋರಲ ಹಾಕ್ರಿ!” ಅಂತ ಚೀರಿದೆ.

“ತಡೀರಿ ಬಾಯಾರ, ಹಂಗ ಮಾಡ...” ಅನ್ನುತ್ತಿದ್ದರು ಸಿದ್ದಮ್ಮ. ಯಾರು ಕೇಳುತ್ತಾರೆ? ಶಿವರಾಜ ಫೋನನ್ನು ಗೋಡೆಗೆ ಆನಿಸಿ ಇಟ್ಟು ಆ ಕಡೆ ಹಿಡಿದರು, ನಾನು ಈ ಕಡೆ. ಏಕ್, ದೋ, ತೀನ್! ನಮ್ಮ ಕೆರೆ ಒಡೆಯಿತು. ಕೆಸರು ನೀರು ಮಾಳಿಗೆ ತುಂಬ ಹರಿದು, ಜೊಂಡಿನ ಸಮೇತ ಮಳೆ ನೀರಿನ ಕೊಳವೆಗೆ ನುಗ್ಗಿ, ಕೆಳಗೆ ಶಕೀಲಾ ಆಪಾರ ಅಂಗಳದಲ್ಲಿ ಇಳಿಯಿತು. ಅಲ್ಲಿ ರೋಗಿಯ ಹಾಸಿಗೆಯನ್ನು ಶುದ್ಧ ಮಾಡಬೇಕೆಂದು ಬೆಳಗಿನಿಂದ ಒಗೆದ ಮೂರು ಕೌದಿಗಳು ಒಣಗುತ್ತಿದ್ದವು.

ಒಣಗುತ್ತಿದ್ದವು ಎಂಬುದು ಭೂತಕಾಲ.

“ಯಾ ಅಲ್ಲಾ!” ಎಂಬ ಕೂಗು ಕೇಳಿತು. ನಾನು ಗೋಡೆಯ ಹತ್ತಿರ ಹೋಗಿ, ಮಾಸ್ಕ್ ಮೇಲೆ ಸೆರಗು ಹಿಡಿದು, ಎಲ್ಲವನ್ನೂ ಹೇಳಿಬಿಟ್ಟೆ. ಕಪ್ಪೆ ಅಲ್ಲ, ಸೊಳ್ಳೆ. ನಾನೇ ಸಾಕಿದ್ದು. ಕೌದಿಗೂ ನಾನೇ ಕಾರಣ, ಬಹುಶಃ ಜ್ವರಕ್ಕೂ ನಾನೇ. “ಮಾಫ್ ಮಾಡ್ರಿ ಆಪಾ” ಅನ್ನುವಾಗ ಅಳುವೇ ಬಂತು.

ಆಪಾ ಕೆಸರು ಸುರಿಯುವ ಕೌದಿ ಹಿಡಿದು ನನ್ನನ್ನೇ ನೋಡಿದರು. ಆಮೇಲೆ ಅವರ ಮುಖ ಅರಳಿತು!

“ಹಂಗಾದ್ರ ಇದು ಮಚ್ಛರ್ ಜ್ವರ ಏನ? ಕೊರೋನಾ ಅಲ್ಲ?”

“ಇರಬಹುದು...”

“ನಿನ್ನ ಬಾಯಾಗ ಸಕ್ಕರಿ ಹಾಕ! ಏನ್ರೀ, ಕೇಳಿದ್ರೇನು? ಸುವರ್ಣಾನ ಸೊಳ್ಳಿ ಅಂತ!” ಎಂದು ಕೂಗುತ್ತ ಒಳಗೆ ಓಡಿದರು. ಸೊಳ್ಳೆ ಸಾಕಿದ್ದಕ್ಕೆ ಆಶೀರ್ವಾದ ಪಡೆದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಎರಡು ದಿನಕ್ಕೆ ವರದಿ ಬಂತು, ಕೊರೋನಾ ಇಲ್ಲ. ಡಾಕ್ಟರು ಸೊಳ್ಳೆಯ ಜ್ವರವೇ ಎಂದು ಮಾತ್ರೆ ಕೊಟ್ಟರು. ವಾರದಲ್ಲಿ ಸಾಹೇಬರು ಮಾಳಿಗೆಗೆ ಬಂದು, “ಟೀಚರ್, ಮತ್ತೇನ್ ಸಾಕಾಕತ್ತೀರಿ?” ಅಂತ ಕೇಳುವಷ್ಟು ಗಟ್ಟಿಯಾದರು. ಮೂರು ಕೌದಿಯನ್ನೂ ನಾನೇ ಒಗೆದೆ. ಎರಡೆರಡು ಸಲ.

ಆದರೆ ಅಂದು ಕೌದಿಯ ಗಲಾಟೆ ಮುಗಿಸಿ ತಿರುಗಿದಾಗ ಗೋಡೆಗೆ ಆನಿಸಿದ್ದ ಫೋನು ಹಾಗೆಯೇ ಬೆಳಗುತ್ತಿತ್ತು. ಟ್ಯಾಂಕಿ ಉರುಳಿದ್ದು, ನಾನು ಜಾರಿ ಕೂತದ್ದು, ಅತ್ತದ್ದು, ಎಲ್ಲವನ್ನೂ ಮುಡಬಿ ನೋಡಿತ್ತು. ಕಾಶಿನಾಥ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ದುಃಖಕ್ಕಲ್ಲ.

“ಸಿದ್ದಮ್ಮೋರಽ” ಅಂದರು, ನಗು ನಿಲ್ಲಿಸಿ. “ನಾ ಇಷ್ಟ್ ವರ್ಷ ಕೆರಿ ಪಾಠ ಮಾಡಿದೆ, ನಿಮ್ಮಂಥವರನ್ನ ಒಂದ್ ಮಾತು ಕೇಳಲಿಲ್ಲ. ಆಗ ಏನೋ ಹೇಳಾಕತ್ತಿದ್ರಲ್ಲ, ಏನದು?”

“ನಾಕ್ ಮೀನಿನ ಮರಿ ತಂದು ಬಿಟ್ಟಿದ್ರ ಸಾಕಿತ್ತು ಅಂದೆ ಸಾಯ್ಬ್ರ. ಹುಳಾನೆಲ್ಲಾ ತಿಂದ್ ಹಾಕ್ತಿದ್ದವು. ಟ್ಯಾಂಕಿ ಬೋರಲ ಹಾಕೋದ್ ಬೇಕಿದ್ದಿಲ್ಲ.”

ನಾಚಿಕೆಯಿಂದ ಬೋರಲು ಬಿದ್ದ ಟ್ಯಾಂಕಿಯ ಕೆಳಗೆ ತಲೆ ಮರೆಸಿಕೊಳ್ಳೋಣವೆಂದರೆ ಅಲ್ಲಿ ನನಗೆ ಸಾಲುವಷ್ಟು ಜಾಗ ಇರಲಿಲ್ಲ.

ಬಳಗದ ಯೋಜನೆ ಅಂದೇ ಬದಲಾಯಿತು. ವಿಡಿಯೋ ಬೇಡ, ಬರೀ ಮಾತು ಸಾಕು, ಸಣ್ಣ ಫೋನಿನವರೂ ಸೇರಬಹುದು ಎಂದರು ಸರ್. ಪ್ರತಿ ಗುರುವಾರ ಮಧ್ಯಾಹ್ನ ಕೆರೆಯ ಬಳಿ ಬಾಳಿದ ಹಿರಿಯರೊಬ್ಬರು ಹೇಳುವುದು, ಮಕ್ಕಳು ಕೇಳುವುದು. ಮಂಠಾಳ, ನಿರ್ಣಾ ಹಳ್ಳಿಗಳ ಮಕ್ಕಳೂ ಸೇರಿಕೊಂಡರು. ಹಿಂದೆ ಕೆರೆಗೆ ಬರುತ್ತಿದ್ದವರಿಗಿಂತ ಹೆಚ್ಚು ಮಂದಿ ಆದರು.

ಮೊದಲ ಗುರುವಾರ ಸಿದ್ದಮ್ಮನ ಸರದಿ. ಅಪಚಾರಕ್ಕೆ ಪ್ರಾಯಶ್ಚಿತ್ತವೆಂದು ನಾನು ನಾಲ್ಕು ಪುಟದ ಪರಿಚಯ ಭಾಷಣ ಬರೆದುಕೊಂಡು ಕೂತಿದ್ದೆ. “ಜಲಸಂಸ್ಕೃತಿಯ ಅನುಭಾವಿ ಚೇತನವಾದ...” ಎಂದು ಎರಡು ಸಾಲು ಓದಿದ್ದೆನೋ ಇಲ್ಲವೋ, ಆ ಕಡೆಯಿಂದ ಅಜ್ಜಿಯ ದನಿ ಬಂತು.

“ಯಾರಽ ಅದು, ನಡುವ ಮಾತಾಡಾಕತ್ತಾರ?”

“ನಮ್ಮ ಕನ್ನಡ ಬಾಯಾರು ಅಜ್ಜಿ” ಎಂದಳು ರೇಣುಕಾ.

“ಇರಲಿ ಬಿಡವ್ವ, ಅವರೂ ಕುಂದರ್ಲಿ. ಕಲೀಲಿ.”

ನಾನು ಪುಟಗಳನ್ನು ಮಡಚಿ, ಹಿಂಬದಿಯಲ್ಲಿ ಬರೆದುಕೊಳ್ಳಲು ಪೆನ್ನು ತೆಗೆದೆ.