ಹೆಡ್‌ಫೋನ್ ಆಂಪ್ಲಿಫೈಯರ್ ಆಯ್ಕೆಯಲ್ಲಿ ಉಂಟಾದ ವಿಳಂಬದ ಕುರಿತು

ಮಾನ್ಯ ಓದುಗರಲ್ಲಿ ಮೊದಲಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬೇಗ ತೀರ್ಮಾನ ಮಾಡುವವರನ್ನು ಕಂಡರೆ ನನಗೆ ಹಿಂದಿನಿಂದಲೂ ಅನುಮಾನ. ಅಂಗಡಿಗೆ ಹೋಗಿ ಮೊದಲು ಕಣ್ಣಿಗೆ ಬಿದ್ದ ಛತ್ರಿಯನ್ನೇ ಕೊಂಡು ಹೊರಬರುವವರು ಯಾವುದೋ ನಿಯಮವನ್ನು ಉಲ್ಲಂಘಿಸುತ್ತಿದ್ದಾರೆಂದೇ ನನ್ನ ಭಾವನೆ. ನಾನು ಬಳ್ಳಾರಿಯ ಕಚೇರಿಯೊಂದರ ಖರೀದಿ ಶಾಖೆಯಲ್ಲಿ ಗುಮಾಸ್ತ. ಗೋಡೆ ಗಡಿಯಾರ ಬೇಕಾದರೂ ಮೂರು ಕಡೆಯಿಂದ ದರಪಟ್ಟಿ ತರಿಸಿ, ತುಲನಾತ್ಮಕ ಪಟ್ಟಿ ತಯಾರಿಸಿ, ಷರಾ ಬರೆದು ಮೇಲಧಿಕಾರಿಗಳ ಮುಂದಿಡುವುದು ನನ್ನ ಕರ್ತವ್ಯ. ಈ ಪದ್ಧತಿ ಕಾಲಕ್ರಮೇಣ ಮನೆಗೂ ವಿಸ್ತರಣೆಯಾಗಿದೆ. ನನ್ನ ಮದುವೆಯನ್ನು ಮಾತ್ರ ಹಿರಿಯರು ಒಂದೇ ಸಂಜೆಯಲ್ಲಿ ನಿಶ್ಚಯಿಸಿದ್ದರಿಂದ ಆ ಸಂಬಂಧದ ಕಡತ ನನ್ನ ಬಳಿಗೆ ಬರಲಿಲ್ಲ. ಬಂದಿದ್ದರೆ ನಾನಿನ್ನೂ ಬ್ರಹ್ಮಚಾರಿಯಾಗಿರುತ್ತಿದ್ದೆನೆಂದು ನನ್ನ ಪತ್ನಿಯ ಸ್ಪಷ್ಟ ಅಭಿಪ್ರಾಯ. ಕಚೇರಿ ಪತ್ರಗಳ ಹೊರತು ನಾನು ಬೇರೇನನ್ನೂ ಬರೆದವನಲ್ಲ. ಇದು ಪ್ರಥಮ ಪ್ರಯತ್ನವಾದ್ದರಿಂದ ಲೋಪಗಳನ್ನು ಮನ್ನಿಸಬೇಕಾಗಿ ಕೋರುತ್ತೇನೆ.

ವಿಷಯಕ್ಕೆ ಬರುವುದಾದರೆ, ನನ್ನ ಮಾವನವರು ಸಿರುಗುಪ್ಪದವರು. ಅಕ್ಕಿ ಗಿರಣಿಯಲ್ಲಿ ಯಂತ್ರದ ಪಕ್ಕದಲ್ಲೇ ನಿಂತು ಇಡೀ ಉದ್ಯೋಗಜೀವನ ಕಳೆದವರು. ಎಡಗಿವಿಯನ್ನು ಗಿರಣಿಗೇ ಬಿಟ್ಟು ನಿವೃತ್ತರಾದರು. ಬಲಗಿವಿಯಲ್ಲಿ ಒಂದಿಷ್ಟು ಉಳಿದಿತ್ತು. ಅದೂ ಬರಬರುತ್ತಾ ಕಡಿಮೆಯಾಗುತ್ತದೆಂದು ವೈದ್ಯರು ತಿಳಿಸಿದ್ದರು. ಅವರಲ್ಲಿ ಒಂದು ಹಳೆಯ ಕ್ಯಾಸೆಟ್ಟಿತ್ತು. ತೀರಿಕೊಂಡ ನನ್ನ ಅತ್ತೆಯವರು ಮನೆಯ ಪಡಸಾಲೆಯಲ್ಲಿ ಕುಳಿತು ಹಾಡಿದ ಒಂದು ಹಾಡು ಅದರಲ್ಲಿತ್ತು. ಹಾಡಿನ ನಡುವೆ ಅತ್ತೆಯವರು, "ರೀ, ಹಾಲು ಉಕ್ಕತೈತಿ ನೋಡ್ರಿ" ಎಂದು ಮತ್ತೆ ಮತ್ತೆ ಕೂಗುತ್ತಾರೆ. ಮಾವನವರು ಎದ್ದು ಒಳಗೆ ಹೋಗುತ್ತಾರೆ. ಆಮೇಲೆ ಅತ್ತೆಯವರು ಪಕ್ಕದ ಮನೆಯಾಕೆಗೆ ತಗ್ಗಿದ ದನಿಯಲ್ಲಿ ಏನನ್ನೋ ಹೇಳುತ್ತಾರೆ. ಮಾವನವರ ಹಳೆಯ ಟೇಪ್ ರೆಕಾರ್ಡರಿನಲ್ಲಿ ಅದು ಬರೀ ಗುಸುಗುಸು.

ಕ್ಯಾಸೆಟ್ಟನ್ನು ಮೊಬೈಲಿಗೆ ಇಳಿಸಿಕೊಂಡು ತಂದ ದಿನ ಮಾವನವರು ನನ್ನನ್ನು ಕೂರಿಸಿಕೊಂಡು, "ಅಳಿಯಂದ್ರ, ನಾ ಹಾಲು ಇಳಸಾಕ ಹೋದಾಗ ಆಕಿ ನನ್ನ ಬಗ್ಗೆ ಏನೋ ಅಂದಾಳ. ಏನಂತ ಒಮ್ಮಿ ಕೇಳಬೇಕ್ರಿ. ಈ ಕಿವಿ ಇರೂತನ ಕೇಳಬೇಕು" ಎಂದರು. ಪತ್ನಿ ಮೊಬೈಲನ್ನು ಕಿವಿಗೆ ಹಿಡಿಯಹೋದಳು. "ಏ, ನೀವ್ಯಾರೂ ಮೊದಲ ಕೇಳಬ್ಯಾಡ್ರಿ. ನನ್ನ ಬಗ್ಗೆ ಅಂದದ್ದು, ನಾನ ಕೇಳ್ತೀನಿ" ಎಂದು ತಡೆದರು. ಕಿವಿಗೆ ಹಾಕುವ ಯಂತ್ರದಲ್ಲಿ ಮಾತು ಹೇಗೋ ಬರುತ್ತಿತ್ತು, ಹಾಡು ಬಂದರೆ ಸಿಳ್ಳೆ. ಆದ್ದರಿಂದ ಉತ್ತಮ ಹೆಡ್‌ಫೋನೊಂದನ್ನು ಒದಗಿಸುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಯುಗಾದಿಗೆ ಇನ್ನೂ ಒಂದು ವಾರವಿತ್ತು.

ಕುರುಗೋಡಿನಲ್ಲಿ ನನ್ನ ಸ್ನೇಹಿತರಾದ ವಿಜ್ಞಾನದ ಮೇಷ್ಟ್ರೊಬ್ಬರಿದ್ದಾರೆ. ಹಾಡು ಕೇಳುವ ಸಾಧನಗಳ ಹುಚ್ಚು ಹಿಡಿದು ಪತ್ನಿಯ ಸೀರೆ ಕಪಾಟಿನವರೆಗೂ ಅತಿಕ್ರಮಣ ಮಾಡಿರುವವರು. ಅವರ ಶಿಫಾರಸಿನಂತೆ ಒಂದು ದೊಡ್ಡ ಹೆಡ್‌ಫೋನ್ ತರಿಸಿದೆ. ಮೊಬೈಲಿಗೆ ಜೋಡಿಸಿದರೆ ಇರುವೆ ಮಾತಾಡಿದಂತಾಯಿತು. ಮೇಷ್ಟ್ರು ನಕ್ಕು, "ಇದನ್ನ ಎಬ್ಬಸಾಕ ಮೊಬೈಲಿನ ಕೈಲಿ ಆಗಂಗಿಲ್ರಿ. ಇದಕ್ಕ ಬ್ಯಾರೆ ಆಂಪ್ಲಿಫೈಯರ್ ಬೇಕು, ಅದೂ ಚಲೋದು" ಎಂದರು.

ಬಳ್ಳಾರಿಯ ಅಂಗಡಿಯವರನ್ನು ವಿಚಾರಿಸಿದೆ. "ಮದುವಿಗೇನ್ ಸಾರ್, ಗಣಪತಿಗೇನ್?" ಎಂದು ಕೇಳಿದರು.

"ಎರಡು ಕಿವಿಗೆ" ಎಂದೆ. ಬಳಿಕ ಪ್ರಾಮಾಣಿಕತೆಯ ದೃಷ್ಟಿಯಿಂದ, "ಖರೇ ಹೇಳಬೇಕಂದ್ರ ಒಂದು ಕಿವಿಗೆ" ಎಂದು ತಿದ್ದಿದೆ.

"ಒಂದು ಕಿವಿಗೆ ಯಾರರ ಆಂಪ್ಲಿಫೈಯರ್ ಒಯ್ತಾರೇನ್ರಿ? ಇಡೀ ಓಣಿಗೆ ಕೇಳಂಗ ಒಂದು ಕೊಡ್ತೀನಿ, ಸುಮ್ಮನ ಒಯ್ರಿ."

ಹೀಗಾಗಿ ಆನ್‌ಲೈನಿನಲ್ಲೇ ಆರಿಸುವುದು ಅನಿವಾರ್ಯವಾಯಿತು. ನಾನು ಹದಿನೇಳು ಕಲಮುಗಳ ತುಲನಾತ್ಮಕ ಪಟ್ಟಿಯೊಂದನ್ನು ಸಿದ್ಧಪಡಿಸಿದೆ. ಮೂರು ಮಾದರಿಗಳಿಂದ ಆರಂಭವಾದದ್ದು ಹನ್ನೊಂದಕ್ಕೆ ಏರಿತು. ಮೇಷ್ಟ್ರು ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್ ಇರುವುದೇ ಆಗಬೇಕೆಂದರು. ಅದರಲ್ಲಿ ಹೆಂಗಸರ ದನಿ ಎದುರಿಗೆ ಕುಳಿತು ಹಾಡಿದಂತೆ ಬರುತ್ತದಂತೆ, ಆದರೆ ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿಯಾಗುತ್ತದಂತೆ. "ಈ ಬಳ್ಳಾರಿ ಬಿಸಲಾಗ ಮನಿಯಾಗ ಇನ್ನೊಂದು ಒಲಿ ಯಾಕ ಬೇಕ್ರಿ?" ಎಂದು ಪತ್ನಿ ಆಕ್ಷೇಪಣೆ ಸಲ್ಲಿಸಿದಳು. ಆಕ್ಷೇಪಣೆಯನ್ನು ಪರಿಶೀಲಿಸುತ್ತಿರುವಾಗ ಹೊಸ ಮಾದರಿಯೊಂದು ಬಂತು. ಅದನ್ನು ಪಟ್ಟಿಗೆ ಸೇರಿಸುವ ಹೊತ್ತಿಗೆ ಹಳೆಯದರ ಬಗ್ಗೆ ಯಾರೋ ಅಪರಿಚಿತರು, ಅದರಲ್ಲಿ ಸಣ್ಣದೊಂದು ಗುಂಯ್‌ಗುಡುವಿಕೆ ಇದೆಯೆಂದು ಬರೆದರು. ಆ ಅಪರಿಚಿತರನ್ನು ನಾನು ನನ್ನ ಮೇಲಧಿಕಾರಿಗಳಿಗಿಂತ ಹೆಚ್ಚು ನಂಬಿದೆ. ಪ್ರಕರಣವನ್ನು ಮರುಪರಿಶೀಲನೆಗೆ ಒಳಪಡಿಸಿದೆ.

ಪ್ರತಿ ಭಾನುವಾರ ಸಿರುಗುಪ್ಪದಿಂದ ಫೋನು. "ಅಳಿಯಂದ್ರ, ಮಿಷನ್ ಬಂತೇನ್ರಿ?" ಪರಿಶೀಲನೆಯಲ್ಲಿದೆ ಎಂದು ಉತ್ತರಿಸುತ್ತಿದ್ದೆ. ಶ್ರಾವಣದ ಹೊತ್ತಿಗೆ ಅದೇ ಉತ್ತರವನ್ನು ಎರಡೆರಡು ಸಲ ಹೇಳಬೇಕಾಯಿತು, ಮೊಬೈಲಿನ ದೋಷವಿರಬಹುದೆಂದುಕೊಂಡೆ. ದಸರೆಯ ನಂತರ ಪ್ರಶ್ನೆ ಕೇಳಿದ ಕೂಡಲೇ ಅವರು ಫೋನನ್ನು ಪಕ್ಕದವರಿಗೆ ಕೊಡತೊಡಗಿದರು. "ಏನಾರ ಒಂದು ತಂದುಬಿಡ್ರಿ. ಅಪ್ಪನ ಕಿವಿ ನಿಮ್ಮ ಪಟ್ಟಿ ಮುಗಿಯೂತನ ಕಾಯಂಗಿಲ್ಲ" ಎಂದು ಪತ್ನಿ ಹೇಳಿದಳು. ಅವಳು ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಹೇಳಿದ್ದರೆ ನಾನು ವಾದಿಸಬಹುದಿತ್ತು.

ದೀಪಾವಳಿ ಕಳೆದು ಆಂಪ್ಲಿಫೈಯರ್ ಬಂತು. ಹನ್ನೊಂದರಲ್ಲಿ ಅದೇ ಶ್ರೇಷ್ಠವೆಂದು ಇಂದಿಗೂ ದೃಢೀಕರಿಸಬಲ್ಲೆ. ಸಿರುಗುಪ್ಪಕ್ಕೆ ಒಯ್ದು, ಪಡಸಾಲೆಯಲ್ಲಿ ಜೋಡಿಸಿ, ಮಾವನವರ ತಲೆಗೆ ಹೆಡ್‌ಫೋನ್ ಏರಿಸಿದೆ. ಅವರು ಆ ದಿನ ಒಗೆದ ಅಂಗಿ ಹಾಕಿಕೊಂಡು ಕುಳಿತಿದ್ದರು. ಹಾಡು ಹಚ್ಚಿದೆ. ಅವರು ಕಣ್ಣು ಮುಚ್ಚಿ ತಲೆದೂಗತೊಡಗಿದರು. ನನಗೆ ಧನ್ಯತಾಭಾವ ಉಂಟಾಯಿತು. ನಾಲ್ಕು ನಿಮಿಷಕ್ಕೆ ಹಾಡು ಮುಗಿಯಿತು. ಅವರು ಇನ್ನೂ ತಲೆದೂಗುತ್ತಲೇ ಇದ್ದರು.

ಪತ್ನಿ ಅವರ ಮೊಣಕೈ ಮುಟ್ಟಿದಳು. ಕಣ್ಣು ತೆರೆದು, "ಚಲೋ ಐತ್ರಿ ಅಳಿಯಂದ್ರ, ಭಾಳ ಚಲೋ ಐತಿ" ಎಂದರು. ಬಳಿಕ ನಮ್ಮಿಬ್ಬರ ಮುಖ ನೋಡಿ ಹೆಡ್‌ಫೋನ್ ತೆಗೆದು ನನ್ನ ಕೈಗಿತ್ತರು. "ನೀವ ಕೇಳಿ ಹೇಳ್ರಿ. ಏನಂದಾಳ?"

ಕೇಳಿದೆ. ಸ್ಟೌವಿನ ಸದ್ದು, ಬಳೆಯ ಸದ್ದು, ಅತ್ತೆಯವರು ಉಸಿರೆಳೆದುಕೊಳ್ಳುವುದು ಎಲ್ಲವೂ ನನ್ನ ಪಕ್ಕದಲ್ಲೇ ಇತ್ತು. ಹಾಲಿನ ಕೂಗಾದ ಮೇಲೆ ಆ ತಗ್ಗಿದ ದನಿ. ಅದನ್ನು ಮಾವನವರ ಬಲಗಿವಿಯ ಬಳಿ ಮೂರು ಸಲ ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಯವರು ಹೊರಬಂದು ನೋಡಿದರೇ ಹೊರತು ಮಾವನವರಿಗೆ ತಲುಪಲಿಲ್ಲ. ಕೊನೆಗೆ ಒಂದು ಹಾಳೆ ತೆಗೆದುಕೊಂಡು, ಒಂದಕ್ಷರ ವ್ಯತ್ಯಾಸವಾಗದಂತೆ ದುಂಡಾಗಿ ಬರೆದುಕೊಟ್ಟೆ: "ಮೂರು ಸಲ ಕೂಗಿದ ಮ್ಯಾಲೆ ಎದ್ರು ನೋಡು. ಕಿವಿ ಕೇಳಂಗಿಲ್ಲ ಅಂತಲ್ಲ, ನನ್ನ ಹಾಡು ಬಿಟ್ಟು ಏಳಾಕ ಮನಸಿಲ್ಲ ಅವ್ರಿಗೆ."

ಮಾವನವರು ಅದನ್ನು ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು. ಹಾಳೆಯನ್ನು ನಾಲ್ಕಾಗಿ ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, "ನಿಮ್ಮ ಅಕ್ಷರ ಭಾಳ ಚಂದ ಅದಾವ್ರಿ" ಎಂದರು. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಮಾತಿನ ಕೊನೆಯಲ್ಲಿ ಅತ್ತೆಯವರು ನಕ್ಕಿದ್ದರು. ಅದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಬಿಟ್ಟುಬಿಟ್ಟಿದ್ದೆ.