ತಪಾಸಣೆ ದಿನ ಯಾರೂ ಮಂಚ ಬಿಡಂಗಿಲ್ಲ

ಸರ್ಕಾರದ ಕೆಲಸವನ್ನ ಸೇವಾಸಂಸ್ಥೆಯೋರು ಗುತ್ತಿಗೆ ಹಿಡಿದ್ರೆ, ನಗು ಬೇಡ ಅಂದ್ರೂ ಬರುತ್ತೆ. ಲಾರಿ ಕ್ಲೀನರ್, ಕಮ್ಮನಹಳ್ಳಿ ಹೋಟೆಲ್ ಸಪ್ಲೈಯರ್ ಎಲ್ಲಾ ಆಗಿ, ಈಗ ನಾನು ಜೋಗುಪಾಳ್ಯದ ತಂಗುದಾಣದಲ್ಲಿ ಕೇರ್‌ಟೇಕರ್. ಮನೆಯಿಲ್ಲದ ಗಂಡಸರು ಮಲಗೋ ಜಾಗ. ಕಟ್ಟಡ ಸರ್ಕಾರದ್ದು, ನಡೆಸೋದು ನಮ್ಮ ಮೇಡಂ ಅವರ ಸಣ್ಣ ಸಂಸ್ಥೆ. ಈ ವರ್ಷ ಗುತ್ತಿಗೆ ಮುಗೀತಿತ್ತು. ಇಲಾಖೆ ಸಾಹೇಬರು ತಪಾಸಣೆಗೆ ಬಂದು, ನೋಡಿ ಸೈನ್ ಹಾಕಿದ್ರೆ ಮುಂದುವರಿಕೆ, ಇಲ್ಲಾಂದ್ರೆ ನಮ್ಮೋರೆಲ್ಲ ಮತ್ತೆ ಫುಟ್‌ಪಾತಿಗೆ.

ಬೋರ್ಡು

ಇಷ್ಟುದ್ದ, ಇಷ್ಟಗಲದ ಬೋರ್ಡು ಹಾಕಲೇಬೇಕು ಅಂತ ಕರಾರು. ನಮ್ಮ ಕಟ್ಟಡದ ಮುಂಭಾಗವೇ ಅಷ್ಟಗಲ ಇಲ್ಲ. ಹೆಂಗೋ ಮೊಳೆ ಹೊಡೆದ್ವಿ, ಇದ್ದ ಒಂದೇ ಕಿಟಕಿ ಮುಚ್ಚಿಹೋಯ್ತು. ಸಾಹೇಬರು ಬಂದು ಬೋರ್ಡು ನೋಡಿ ಖುಷಿಪಟ್ಟರು. ಒಳಗೆ ಕಾಲಿಟ್ಟು, "ಏನ್ರೀ ಇದು, ಗಾಳಿ ಬೆಳಕು ಏನೂ ಇಲ್ಲ?" ಅಂದರು.

"ಇದೆ ಸಾರ್," ಅಂದರು ಮೇಡಂ, "ನಿಮ್ಮ ಬೋರ್ಡಿನ ಆ ಕಡೆ."

ಖಾಲಿ ಮಂಚ

ಆಮೇಲೆ ಮಂಚ ನೋಡಿದರು. ಎಲ್ಲಾ ಖಾಲಿ.

"ಜನ ಎಲ್ಲಿ?"

"ಕೆಲಸಕ್ಕೆ ಹೋಗಿದಾರೆ ಸಾರ್," ಅಂದರು ಮೇಡಂ. "ಒಬ್ಬ ಶಿವಾಜಿನಗರದಲ್ಲಿ ಮೂಟೆ ಹೊರ್ತಾನೆ, ಇನ್ನೊಬ್ಬ ಇಂದಿರಾನಗರದಲ್ಲಿ ಕಾರು ತೊಳೀತಾನೆ."

"ಕೆಲಸ ಇರೋರಿಗೆ ತಂಗುದಾಣ ಯಾಕ್ರೀ?"

"ಕೂಲಿ ಊಟಕ್ಕಾಗುತ್ತೆ ಸಾರ್, ಮನೆ ಅಡ್ವಾನ್ಸಿಗೆ ಆಗಲ್ಲ," ಅಂದೆ. ಮೇಡಂ ನನ್ನ ಕಾಲು ತುಳಿದರು.

"ಸೋಮವಾರ ಬರ್ತೀನಿ. ಎಲ್ಲರೂ ಅವರವರ ಮಂಚದ ಮೇಲೇ ಇರ್ಬೇಕು," ಅಂತ ಹೇಳಿ ಹೋದರು.

"ನೋಡು ಗುರು," ಅಂದ ನಮ್ಮ ಅಡುಗೆಯವನು, "ಮನೆ ಇಲ್ಲದೋರು ಮನೇಲೇ ಇರ್ಬೇಕಂತೆ."

ಸೋಮವಾರ

ಎಲ್ಲರೂ ಕೆಲಸಕ್ಕೆ ರಜಾ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚ್ಕೊಂಡು, ಹೆಣ್ಣು ನೋಡೋಕೆ ಬಂದ ಗಂಡಿನ ಥರ ಮಂಚದ ಮೇಲೆ ಕೂತಿದ್ರು. ಸಾಹೇಬರು ಬಂದಿದ್ದು ಮಧ್ಯಾಹ್ನಕ್ಕೆ, ಮುಖ ಗಂಟಿಕ್ಕಿಕೊಂಡು.

"ಹಾಡಹಗಲೇ ಎಲ್ಲಾ ಸುಮ್ನೆ ಕೂತಿದಾರಲ್ರೀ! ಒಬ್ಬರಿಗಾದ್ರೂ ಕೆಲಸ ಕೊಡ್ಸಿದೀರಾ? ನಾನು ಹೆಂಗೆ ಸೈನ್ ಹಾಕ್ಲಿ?"

ಸಾಹೇಬರು ಹಣೆ ಒತ್ಕೊಂಡು, "ಬೆಳಿಗ್ಗೆಯಿಂದ ಒಂದು ಟೀನೂ ಇಲ್ಲ. ನಮ್ಮ ಆಫೀಸಿಗೆ ಟೀ ತರೋನು ಇವತ್ತೇ ನಾಪತ್ತೆ," ಅಂದರು.

ಮೂಲೆ ಮಂಚದಿಂದ ಒಬ್ಬ ಕೈ ಎತ್ತಿದ. "ನಾನಿಲ್ಲೇ ಇದೀನಿ ಸಾರ್."

ಸಾಹೇಬರು ಅವನನ್ನ ನೋಡಿದರು, ಮಂಚ ನೋಡಿದರು. "ನೀನಾ? ಏಳೋ, ಜೀಪು ಹತ್ತು! ಆಫೀಸೆಲ್ಲಾ ಕಾಯ್ತಿದೆ."

ಅವನು ಕಾಲು ಮಡಚಿ ಇನ್ನೂ ಗಟ್ಟಿಯಾಗಿ ಕೂತ. "ಹೆಂಗ್ ಬರ್ಲಿ ಸಾರ್? ನಿಮ್ಮ ಸೈನ್ ಆಗೋವರೆಗೂ ಮಂಚ ಬಿಡಂಗಿಲ್ಲ."

ಸೈನ್ ಆಯ್ತು. ಜೀಪಿನ ಮುಂದಿನ ಸೀಟಲ್ಲಿ ಟೀಯವನು ಹೋದ, ಹಿಂದೆ ಸಾಹೇಬರು.